ಖರ್ಜೂರದ ತೋಟ, ಮಣ್ಣಿನ ಕೋಟೆ: ಐದು ಓಯಸಿಸ್‌ಗಳಲ್ಲಿ ನಿಮಗೆ ಹೊಂದುವುದು ಯಾವುದು?

ಮಂಗಳೂರು, ಉಡುಪಿ ಕಡೆ ಗಲ್ಫ್‌ನಲ್ಲಿ ಒಬ್ಬರೂ ಇಲ್ಲದ ಕುಟುಂಬ ಹುಡುಕುವುದು ಕಷ್ಟ. ತಮ್ಮ ದುಬೈಯಲ್ಲಿ ಇರುತ್ತಾನೆ. ಅಕ್ಕ, ಭಾವ ಮಸ್ಕತ್‌ನಲ್ಲಿ. ಚಿಕ್ಕಪ್ಪ ದಮ್ಮಾಮ್‌ನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಅವರನ್ನು ನೋಡಲು ಹೋಗಿ ಬಂದವರೂ ಬಹಳ ಜನ. ಹೋದವರು ಎತ್ತರದ ಕಟ್ಟಡ ನೋಡುತ್ತಾರೆ, ಮಾಲ್ ಸುತ್ತುತ್ತಾರೆ, ಒಂದು ಸಂಜೆ ಮರಳಿನಲ್ಲಿ ಜೀಪ್ ಹತ್ತಿ ಬರುತ್ತಾರೆ. ಆ ಮರಳಿನ ನಡುವೆ ಇಷ್ಟು ಸಾವಿರ ವರ್ಷ ಜನ ಹೇಗೆ ಬದುಕಿದರು, ನೀರು ಎಲ್ಲಿಂದ ತಂದರು, ಏನು ಬೆಳೆದು ಉಂಡರು ಅನ್ನುವುದನ್ನು ನೋಡದೆಯೇ ವಾಪಸ್ ವಿಮಾನ ಹತ್ತುತ್ತಾರೆ. ಅದನ್ನು ತೋರಿಸುವ ಜಾಗ ಓಯಸಿಸ್.

ಈಚೆಗೆ ಇದರ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಅಲ್ ಐನ್ ಸಾಕಾ, ನಿಜ್ವಾ ತನಕ ಹೋಗಬೇಕಾ ಅಂತ ಒಬ್ಬರು ಕೇಳುತ್ತಾರೆ. ಇನ್ನೊಬ್ಬರ ತಲೆಯಲ್ಲಿ ಫೋಟೋದಲ್ಲಿ ನೋಡಿದ ಅಲ್ ಉಲಾ ಕೂತಿದೆ. ಹಾಗಾಗಿ ಐದು ಓಯಸಿಸ್‌ಗಳನ್ನು ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ: ಯುಎಇಯ ಅಲ್ ಐನ್, ಒಮಾನಿನ ನಿಜ್ವಾ, ಸೌದಿಯ ಅಲ್ ಅಹ್ಸಾ ಮತ್ತು ಅಲ್ ಉಲಾ, ಈಜಿಪ್ಟಿನ ಸಿವಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಅಡಿಕೆ ತೋಟದ ಮನೆಯವನು. ನನಗೆ ಕೋಟೆಗಿಂತ ತೋಟ ಮುಖ್ಯ. ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತಿದೆಯಾ, ಮರದ ಬುಡದಲ್ಲಿ ಯಾರಾದರೂ ಹಾರೆ ಹಿಡಿದು ನಿಂತಿದ್ದಾರಾ ಅನ್ನುವುದನ್ನು ನೋಡಿಯೇ ನಾನು ಜಾಗಕ್ಕೆ ಬೆಲೆ ಕೊಡುವುದು. ನಿಮಗೆ ಕಟ್ಟಡ ಮುಖ್ಯವಾಗಿದ್ದರೆ ಉತ್ತರ ಬದಲಾಗುತ್ತದೆ. ಅದಕ್ಕೇ ಅಳೆಯುವುದು ಹೇಗೆ ಅಂತ ಮೊದಲು ನೋಡೋಣ.

ಯಾವ ಅಳತೆಯಲ್ಲಿ ನೋಡಬೇಕು

ಮೊದಲ ಅಳತೆ ತೋಟ ಮತ್ತು ನೀರು. ಓಯಸಿಸ್ ಅಂದ ಕೂಡಲೇ ಮರಳಿನ ನಡುವೆ ಒಂದು ಹೊಂಡ, ಸುತ್ತ ನಾಲ್ಕು ಮರ ಕಣ್ಣಿಗೆ ಬರುತ್ತದೆ ಅಲ್ವಾ? ನಿಜವಾದ ಓಯಸಿಸ್ ಹಾಗಿಲ್ಲ. ಅದು ಜನ ಕೈಯಾರೆ ಮಾಡಿ, ತಲೆಮಾರುಗಟ್ಟಲೆ ಉಳಿಸಿಕೊಂಡ ತೋಟ. ಮೇಲೆ ಖರ್ಜೂರದ ಮರಗಳು. ಅವುಗಳ ನೆರಳಿನಲ್ಲಿ ಮಾವು, ಬಾಳೆ, ನಿಂಬೆ, ದಾಳಿಂಬೆ, ಅಂಜೂರ. ನೆಲದ ಮಟ್ಟದಲ್ಲಿ ತರಕಾರಿ, ದನ ಆಡಿಗೆ ಕುದುರೆ ಮಸಾಲೆ ಸೊಪ್ಪು. ನಮ್ಮಲ್ಲಿ ಅಡಿಕೆ, ಅದರಡಿ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು ಇರುವ ಹಾಗೆಯೇ. ಮೇಲಿನ ಮರ ಬಿಸಿಲು ತಡೆಯದಿದ್ದರೆ ಕೆಳಗಿನದು ಬದುಕುವುದಿಲ್ಲ.

ನೀರಿನ ಕತೆ ಇನ್ನೂ ಹತ್ತಿರದ್ದು. ಒಮಾನ್, ಅಲ್ ಐನ್ ಕಡೆ ಅದಕ್ಕೆ ಫಲಜ್ ಅನ್ನುತ್ತಾರೆ. ಬೆಟ್ಟದ ಬುಡದಲ್ಲಿ ಆಳದ ಬಾವಿ ತೋಡಿ, ಅಲ್ಲಿಂದ ನೆಲದಡಿಯಲ್ಲೇ ಸುರಂಗ ಕೊರೆದು, ಸ್ವಲ್ಪ ಸ್ವಲ್ಪವೇ ಇಳಿಜಾರು ಕೊಟ್ಟು, ಕಿಲೋಮೀಟರ್‌ಗಟ್ಟಲೆ ದೂರದ ಊರಿಗೆ ನೀರು ತರುವುದು. ಪಂಪ್ ಇಲ್ಲ, ಮೋಟಾರ್ ಇಲ್ಲ. ಬಂಟ್ವಾಳದ ಗಡಿಯಿಂದ ಕಾಸರಗೋಡಿನವರೆಗೆ ಗುಡ್ಡಕ್ಕೆ ಅಡ್ಡ ಕೊರೆಯುವ ನಮ್ಮ ಸುರಂಗ ನೆನಪಾಗುವುದಿಲ್ಲವಾ? ಅಡ್ಯನಡ್ಕದ ಹತ್ತಿರ ಒಣ ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ಕೆಲಸದ ಬೆಲೆ ಗೊತ್ತಿರುವ ಊರಿನವರು ನಾವು. ಫಲಜ್‌ನ ದಂಡೆಯಲ್ಲಿ ನಿಂತಾಗ ನಮಗೆ ಆಗುವಷ್ಟು ಖುಷಿ ಬೇರೆಯವರಿಗೆ ಆಗುತ್ತದೋ ಇಲ್ಲವೋ.

ಎರಡನೆಯದು ಕಟ್ಟಡ. ಹಳೆಯ ಕಟ್ಟಡ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಡೆ ಹಸಿ ಇಟ್ಟಿಗೆಯ ಕೋಟೆ, ಒಂದು ಕಡೆ ಬಂಡೆ ಕೆತ್ತಿದ ಸಮಾಧಿ, ಒಂದು ಕಡೆ ಉಪ್ಪು ಸೇರಿಸಿ ಕಟ್ಟಿದ ಊರು.

ಮೂರನೆಯದು ದಾರಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಹೊರಟು ಮರದ ನೆರಳು ಸೇರಲು ಎಷ್ಟು ಹೊತ್ತು ಬೇಕು, ಎಷ್ಟು ಸಲ ವಾಹನ ಬದಲಿಸಬೇಕು. ಉಳಿದವು ಖರ್ಚು ಮತ್ತು ಜೊತೆಯಲ್ಲಿ ಬರುವವರು. ಮಂಡಿ ನೋವಿನ ಅಮ್ಮ ಇದ್ದಾರಾ, ಸಣ್ಣ ಮಕ್ಕಳಿದ್ದಾರಾ, ಸಸ್ಯಾಹಾರ ಮಾತ್ರ ತಿನ್ನುವವರಿದ್ದಾರಾ ಅಂತ ನೋಡಬೇಕು.

ಅಲ್ ಐನ್: ಎಲ್ಲಕ್ಕಿಂತ ಸುಲಭ

ದುಬೈಯಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ಅಬುಧಾಬಿಯಿಂದ ಸುಮಾರು 160 ಕಿ.ಮೀ. ಎರಡೂ ಊರಿನಿಂದ ಬಸ್ ಕೂಡ ಇದೆ. ಮಂಗಳೂರಿನಿಂದ ದುಬೈ, ಅಬುಧಾಬಿಗೆ ನೇರ ವಿಮಾನ ಇರುವುದರಿಂದ ಬೆಳಗ್ಗೆ ಬಜ್ಪೆಯಲ್ಲಿ ಹತ್ತಿದವರು ಸಂಜೆಯೊಳಗೆ ಖರ್ಜೂರದ ತೋಟದಲ್ಲಿ ನಡೆಯಬಹುದು.

ಊರಿನ ನಡುವೆಯೇ ಸುಮಾರು 1,200 ಹೆಕ್ಟೇರ್ ತೋಟ. ಅದರಲ್ಲಿ ಸುಮಾರು 1,47,000 ಖರ್ಜೂರದ ಮರ. ಒಳಗೆ ಹೋಗಲು ಹಣ ಕೊಡಬೇಕಿಲ್ಲ. ಎರಡೂ ಬದಿ ಆಳೆತ್ತರದ ಮಣ್ಣು ಬಣ್ಣದ ಗೋಡೆ, ನಡುವೆ ಕಲ್ಲು ಹಾಸಿದ ದಾರಿ, ಮೇಲೆ ಗರಿಗಳ ಚಪ್ಪರ. ದಾರಿ ಸಮತಟ್ಟು. ಹಿರಿಯರಿಗೆ, ಗಾಲಿಕುರ್ಚಿಗೆ, ಮಕ್ಕಳ ಸೈಕಲ್ಲಿಗೆ ತೊಂದರೆಯಿಲ್ಲ. ಐದರಲ್ಲಿ ಈ ಅನುಕೂಲ ಇಷ್ಟು ಚೆನ್ನಾಗಿ ಬೇರೆ ಎಲ್ಲೂ ಇಲ್ಲ.

ನಾನು ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದದ್ದು ಮೇ ತಿಂಗಳಲ್ಲಿ. ಟಿಕೆಟ್ ಮಾಡಿಕೊಟ್ಟವರು "ಎಲ್ಲ ಕಡೆ ಏಸಿ ಇದೆ, ಹೆದರಬೇಡಿ" ಅಂದಿದ್ದರು. ಬೆಳಗ್ಗೆ ಹತ್ತೂವರೆಗೆ ಕೋಟೆಯ ಅಂಗಳ ದಾಟುವಷ್ಟರಲ್ಲಿ ಅಮ್ಮನ ಮುಖ ಕೆಂಪಾಯಿತು. ಅದು ನಮ್ಮ ಸೆಕೆಯಂತೆ ಬೆವರು ಸುರಿಸುವ ಬಿಸಿಲಲ್ಲ. ಒಲೆಯ ಬಾಯಿ ತೆರೆದ ಹಾಗೆ ಒಣ ಬಿಸಿ. ತೋಟದ ಬಾಗಿಲು ದಾಟಿ ನೂರು ಹೆಜ್ಜೆ ಒಳಗೆ ಹೋದೆವು. ಬಿಸಿ ಇಳಿಯಿತು. ಅಮ್ಮ ಕಾಲುವೆಯ ದಂಡೆಯ ಮೇಲೆ ಕೂತರು. ಎದುರಿನ ತುಂಡಿನಲ್ಲಿ ಬಾಂಗ್ಲಾದೇಶದ ಕೆಲಸದವನೊಬ್ಬ ನೀರು ತಿರುಗಿಸುತ್ತಿದ್ದ. ಕಾಲುವೆಯ ಬಾಯಿಗೆ ಒಂದು ಕಲ್ಲು, ಅದರ ಸುತ್ತ ಹಳೆಯ ಗೋಣಿಯ ತುಂಡು. ಅದನ್ನು ಕಿತ್ತು ಪಕ್ಕದ ಬಾಯಿಗೆ ತುರುಕಿದ. ನೀರು ತಿರುಗಿ ಒಣಗಿದ ಮಣ್ಣಿನ ಮೇಲೆ ಗರಿಚೂರು, ಕಡ್ಡಿ ನೂಕಿಕೊಂಡು ಹೋಗಿ ಮರದ ಬುಡ ಸೇರಿತು. ಅಮ್ಮ ಅದನ್ನೇ ನೋಡುತ್ತಿದ್ದರು. "ನಾವೂ ಕಣಿಗೆ ಹಾಳೆ ಅಡ್ಡ ಇಟ್ಟು ಹೀಗೇ ತಿರುಗಿಸುತ್ತಿದ್ದೆವಲ್ಲ" ಅಂದರು. ಸ್ಪ್ರಿಂಕ್ಲರ್ ಬಂದ ಮೇಲೆ ನಮ್ಮ ತೋಟದಲ್ಲಿ ಆ ಕೆಲಸ ನಿಂತು ಎಷ್ಟೋ ವರ್ಷವಾಗಿತ್ತು.

ಕಟ್ಟಡಗಳಲ್ಲಿ ಮುಖ್ಯವಾದದ್ದು ಅಲ್ ಜಾಹಿಲಿ ಕೋಟೆ. 1890ರ ದಶಕದಲ್ಲಿ ಆಗ ಅಬುಧಾಬಿ ಆಳುತ್ತಿದ್ದ ಮೊದಲನೆಯ ಶೇಖ್ ಜಾಯೆದ್ ಕಟ್ಟಿಸಿದ್ದು. ಒಂದರ ಮೇಲೊಂದು ಬಳೆ ಇಟ್ಟ ಹಾಗೆ ಕಿರಿದಾಗುತ್ತಾ ಹೋಗುವ ಅದರ ದುಂಡು ಬುರುಜು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಒಳಗೆ, 1940ರ ದಶಕದಲ್ಲಿ ಒಂಟೆಗಳ ಜೊತೆ ಈ ಮರುಭೂಮಿ ದಾಟಿದ ವಿಲ್ಫ್ರೆಡ್ ಥೆಸಿಗರ್ ತೆಗೆದ ಫೋಟೋಗಳಿವೆ. ಹೀಲಿ ಪಾರ್ಕಿನಲ್ಲಿ ನಾಲ್ಕು ಸಾವಿರ ವರ್ಷ ಹಿಂದಿನ ಕಲ್ಲಿನ ಗೋರಿಗಳಿವೆ. ಈ ಪ್ರದೇಶದಲ್ಲಿ ಸಿಕ್ಕ ಅತಿ ಹಳೆಯ ಫಲಜ್‌ಗಳಿಗೆ 3,000 ವರ್ಷ ವಯಸ್ಸು. 2011ರಲ್ಲಿ ಯುನೆಸ್ಕೋ ಇವೆಲ್ಲವನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಕೊರತೆ ಏನು? ಜಾಗ ತುಂಬಾ ಒಪ್ಪವಾಗಿದೆ. ಗೋಡೆ ಹೊಸದಾಗಿ ಮೆತ್ತಿದ್ದು, ದಾರಿ ಗುಡಿಸಿದ್ದು. ತೋಟದಲ್ಲಿ ಮನೆಗಳಿಲ್ಲ, ಜನ ವಾಸವಿಲ್ಲ. ಹಳ್ಳಿ ನೋಡಬೇಕು ಅಂದುಕೊಂಡು ಹೋದವರಿಗೆ ಪಾರ್ಕ್ ಅನ್ನಿಸಬಹುದು. ಊಟದ ಚಿಂತೆ ಮಾತ್ರ ಬೇಡ. ದೋಸೆ, ಇಡ್ಲಿ, ಅನ್ನ ಸಾರು ಎಲ್ಲ ಸಿಗುತ್ತದೆ.

ನಿಜ್ವಾ ಮತ್ತು ಸುತ್ತಲಿನ ಹಳ್ಳಿಗಳು

ನನ್ನ ಮನಸ್ಸು ನಿಂತದ್ದು ಇಲ್ಲಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಮಾನಿಗೂ ನಮಗೂ ಹಳೆಯ ಲೆಕ್ಕವಿದೆ. ಮಂಗಳೂರು, ಬಸ್ರೂರಿನ ಅಕ್ಕಿ ಹಡಗು ಹತ್ತಿ ಮಸ್ಕತ್‌ಗೆ ಹೋಗುತ್ತಿತ್ತು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸರಕಾರದ ವ್ಯಾಪಾರದ ಕೋಠಿ ಮಸ್ಕತ್‌ನಲ್ಲಿತ್ತು. ನಮ್ಮ ಕರಾವಳಿಯಲ್ಲಿ ಕೋಟೆ ಕಟ್ಟಿಕೊಂಡಿದ್ದ ಪೋರ್ಚುಗೀಸರನ್ನು 1650ರಲ್ಲಿ ಮಸ್ಕತ್‌ನಿಂದ ಓಡಿಸಿದವನು ಇಮಾಮ್ ಸುಲ್ತಾನ್ ಬಿನ್ ಸೈಫ್. ಅದೇ ಇಮಾಮ್ ಕಟ್ಟಿಸಿದ್ದು ನಿಜ್ವಾ ಕೋಟೆ. ಕಟ್ಟಲು ಸುಮಾರು ಹನ್ನೆರಡು ವರ್ಷ ಹಿಡಿಯಿತು ಅನ್ನುತ್ತಾರೆ.

ಕೋಟೆಯ ಮುಖ್ಯ ಭಾಗ ಒಂದು ದೈತ್ಯ ದುಂಡು ಬುರುಜು. ಫಿರಂಗಿ ಹಾರಿಸಿದಾಗ ಅದುರಬಾರದು ಅಂತ ಅದರ ಕೆಳಭಾಗಕ್ಕೆ ಮಣ್ಣು, ಕಲ್ಲು ತುಂಬಿದ್ದಾರೆ. ಮೇಲೆ ಹತ್ತುವ ಮೆಟ್ಟಿಲು ಕಿರಿದು, ತಿರುವು ತಿರುವಾಗಿ ಹೋಗುತ್ತದೆ. ಒಂದೊಂದು ತಿರುವಿನಲ್ಲೂ ಬಾಗಿಲು, ಬಾಗಿಲಿನ ನೆತ್ತಿಯ ಮೇಲೆ ಸೀಳು. ಬಾಗಿಲು ಒಡೆಯಲು ಬಂದವರ ಮೇಲೆ ಆ ಸೀಳಿನಿಂದ ಕುದಿಯುವ ಖರ್ಜೂರದ ರಸ ಸುರಿಯುತ್ತಿದ್ದರು. ಆ ರಸ ಬರುತ್ತಿದ್ದ ಕೋಣೆಯನ್ನು ತಪ್ಪದೆ ನೋಡಿ. ನೆಲದಲ್ಲಿ ಸಾಲು ಸಾಲು ಗೀರು. ಅದರ ಮೇಲೆ ಖರ್ಜೂರದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಭಾರಕ್ಕೆ ರಸ ಒಸರಿ ಗೀರಿನಲ್ಲಿ ಹರಿದು ಮಡಕೆಗೆ ಇಳಿಯುತ್ತದೆ. ಶಾಂತಿಯ ಕಾಲದಲ್ಲಿ ಅದು ಊಟಕ್ಕೆ, ನಮ್ಮ ಜೋನಿಬೆಲ್ಲದ ಹಾಗೆ. ಬುರುಜಿನ ಮೇಲೆ ನಿಂತರೆ ಮಸೀದಿಯ ಗುಮ್ಮಟ, ಮಣ್ಣಿನ ಮನೆಗಳು, ಅವುಗಳ ಹಿಂದೆ ಖರ್ಜೂರದ ಹಸಿರು, ಅದರಾಚೆ ಬೋಳು ಬೆಟ್ಟ, ಎಲ್ಲ ಒಂದೇ ನೋಟದಲ್ಲಿ ಸಿಗುತ್ತದೆ.

ಶುಕ್ರವಾರ ಬೆಳಗ್ಗೆ ಕೋಟೆಯ ಪಕ್ಕ ಆಡಿನ ಸಂತೆ. ಇಲ್ಲಿ ಕೊಳ್ಳುವವರು ನಿಂತಿರುತ್ತಾರೆ, ಮಾರುವವರು ಆಡಿನ ಹಗ್ಗ ಹಿಡಿದು ಅವರ ಸುತ್ತ ವೃತ್ತವಾಗಿ ಓಡಾಡುತ್ತಾರೆ. ಬೇಕಾದವರು ಕೈ ಚಾಚಿ ತಡೆಯುತ್ತಾರೆ, ಹಲ್ಲು ನೋಡುತ್ತಾರೆ, ಬೆನ್ನು ಒತ್ತುತ್ತಾರೆ. ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಇದನ್ನು ನೋಡಬೇಕಾದರೆ ಗುರುವಾರ ರಾತ್ರಿ ನಿಜ್ವಾದಲ್ಲೇ ಉಳಿಯಬೇಕು. ಕೋಟೆಯ ಹತ್ತಿರದ ಹಳೆಯ ಕೇರಿಯಲ್ಲಿ ಮಣ್ಣಿನ ಮನೆಗಳನ್ನು ರಿಪೇರಿ ಮಾಡಿ ವಸತಿ ಮಾಡಿದ್ದಾರೆ. ಖರ್ಚು ಸ್ವಲ್ಪ ಜಾಸ್ತಿಯಾದರೂ ಒಂದು ರಾತ್ರಿ ಅಲ್ಲಿಯೇ ಮಲಗಿ. ದಪ್ಪ ಗೋಡೆಯ ಒಳಗಿನ ತಂಪು ನಮ್ಮ ಹಳೆಯ ಮಣ್ಣಿನ ಮನೆಯ ನಡುಕೋಣೆಯದೇ.

ನಿಜ್ವಾ ಒಂದೇ ನೋಡಿ ಮಸ್ಕತ್‌ಗೆ ಓಡಬೇಡಿ. ತೋಟದ ನಿಜವಾದ ಸೊಗಸು ಪಕ್ಕದ ಹಳ್ಳಿಗಳಲ್ಲಿದೆ. ಮಸ್ಕತ್ ದಾರಿಯಲ್ಲೇ ಬಿರ್ಕತ್ ಅಲ್ ಮೌಝ್ ಸಿಗುತ್ತದೆ. ಮೌಝ್ ಅಂದರೆ ಬಾಳೆ, ಹೆಸರಿನ ಅರ್ಥ ಬಾಳೆಯ ಕೊಳ. ಖರ್ಜೂರದ ಅಡಿಯಲ್ಲಿ ಬಾಳೆ ಈಗಲೂ ಇದೆ. ಗುಡ್ಡದ ಮೈಯಲ್ಲಿ ಜನ ಬಿಟ್ಟುಹೋದ ಮಣ್ಣಿನ ಮನೆಗಳ ಸಾಲು. ಅಲ್ಲಿನ ಫಲಜ್ ಅಲ್ ಖತ್ಮೀನ್ ಊರಿಗೆ ಬಂದ ಮೇಲೆ ಮೂರು ಸಮಪಾಲಾಗಿ ಒಡೆಯುತ್ತದೆ. 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಒಮಾನಿನ ಐದು ಫಲಜ್‌ಗಳಲ್ಲಿ ಇದೂ ಒಂದು, ನಿಜ್ವಾದ ಫಲಜ್ ದಾರಿಸ್ ಇನ್ನೊಂದು. ನೀರಿನ ಪಾಲು ಹೊತ್ತಿನ ಲೆಕ್ಕದಲ್ಲಿ. ಅರ್ಧ ಗಂಟೆಗೆ ಒಂದು ಅಥರ್. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಯಾರ ಸರದಿ ಮುಗಿಯಿತು ಅಂತ ಹೇಳುತ್ತಿದ್ದರು. ಬೇಸಿಗೆಯಲ್ಲಿ ತೋಡಿಗೆ ಕಟ್ಟ ಹಾಕಿ ಮನೆಮನೆಗೆ ನೀರಿನ ಸರದಿ ಹಂಚಿಕೊಂಡ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ ಹಮ್ರಾದ ಮೇಲಿನ ಮಿಸ್ಫತ್ ಅಲ್ ಅಬ್ರಿಯೀನ್ ಇನ್ನೂ ಚಂದ. ಬಂಡೆಯ ಮೇಲೆ ಬಂಡೆಯಂತೆ ಕೂತ ಮನೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ನಡುವೆ ಸದ್ದು ಮಾಡುತ್ತಾ ಓಡುವ ನೀರು. ಆದರೆ ಇಲ್ಲಿ ಎಲ್ಲವೂ ಮೆಟ್ಟಿಲು. ಮಂಡಿ ನೋವಿನವರು ಮೇಲಿನ ಕಟ್ಟೆಯಲ್ಲಿ ಕೂತು ನೋಡಬೇಕಷ್ಟೆ. ಜನ ವಾಸವಿರುವ ಹಳ್ಳಿ ಇದು, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಸಮಯ ಇದ್ದರೆ 1987ರಲ್ಲೇ ವಿಶ್ವ ಪರಂಪರೆಗೆ ಸೇರಿದ ಬಹ್ಲಾ ಕೋಟೆ, ಚಿತ್ರ ಬರೆದ ಮಾಳಿಗೆಗಳಿರುವ ಜಬ್ರೀನ್ ಅರಮನೆ ಎರಡನ್ನೂ ಒಂದೇ ದಿನ ಮುಗಿಸಬಹುದು.

ಈಗ ಕಷ್ಟದ ಮಾತು. ಮಸ್ಕತ್‌ನಿಂದ ನಿಜ್ವಾಕ್ಕೆ ಸುಮಾರು 160 ಕಿ.ಮೀ., ಬಸ್ ಇದೆ. ಹಳ್ಳಿಗಳಿಗೆ ಮಾತ್ರ ಕಾರೇ ಬೇಕು. ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ ಊರಿನಲ್ಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಅರ್ಧ ದಿನ ಅಭ್ಯಾಸಕ್ಕೆ ಬಿಡಿ. ಒಂದು ಒಮಾನಿ ರಿಯಾಲ್ ಅಂದರೆ ನಮ್ಮ 200 ರೂಪಾಯಿಗೂ ಮೇಲೆ. ಬೆಲೆಪಟ್ಟಿಯಲ್ಲಿ ಐದು, ಆರು ಅಂತ ಸಣ್ಣ ಸಂಖ್ಯೆ ಕಂಡು ಕೈ ಸಡಿಲ ಬಿಟ್ಟರೆ ಖರ್ಚು ಗೊತ್ತಾಗುವುದು ಊರಿಗೆ ಬಂದ ಮೇಲೆ. ನಾಲ್ವರು ಸೇರಿ ಒಂದು ಕಾರು ಮಾಡಿಕೊಂಡರೆ ಹಗುರ. ಒಬ್ಬರೇ ಹೋದರೆ ಅಲ್ ಐನ್‌ಗಿಂತ ಜಾಸ್ತಿಯೇ ಬೀಳುತ್ತದೆ. ಮಸ್ಕತ್‌ನ ರುವಿ ಬಡಾವಣೆಯಲ್ಲಿ ನಂಟರ ಮನೆ ಇರುವವರಿಗೆ ಮಸ್ಕತ್‌ನ ರಾತ್ರಿಗಳ ಖರ್ಚು ಉಳಿಯುತ್ತದೆ, ಆ ಹಣವನ್ನು ಕಾರಿಗೆ ಹಾಕಿ.

ಅಲ್ ಅಹ್ಸಾ: ದಮ್ಮಾಮ್, ಜುಬೈಲ್‌ನಲ್ಲಿ ನಂಟರಿದ್ದರೆ

ಸೌದಿಯ ಪೂರ್ವ ಭಾಗದಲ್ಲಿ ಹೊಫೂಫ್ ಪಟ್ಟಣದ ಸುತ್ತ ಇರುವ ಈ ಓಯಸಿಸ್ ಪ್ರಪಂಚದಲ್ಲೇ ದೊಡ್ಡದು. ಸುಮಾರು 25 ಲಕ್ಷ ಖರ್ಜೂರದ ಮರ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು. ದಮ್ಮಾಮ್‌ನಿಂದ ರಿಯಾದ್‌ಗೆ ಹೋಗುವ ರೈಲು ಹೊಫೂಫ್‌ನಲ್ಲಿ ನಿಲ್ಲುತ್ತದೆ. ಬೆಳಗ್ಗೆ ಹೋಗಿ ರಾತ್ರಿ ಬರಬಹುದು.

ಇಷ್ಟು ದೊಡ್ಡದು ಅನ್ನುವುದೇ ಇದರ ತೊಡಕು. ಅಲ್ ಐನ್‌ನಂತೆ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬರುವ ತೋಟವಲ್ಲ. ಕಾರಿನಲ್ಲಿ ಹೋಗುತ್ತಾ ಇದ್ದರೆ ಮರ, ಮನೆ, ಅಂಗಡಿ, ಮತ್ತೆ ಮರ. ದಾರಿ ಗೊತ್ತಿರುವವರು ಜೊತೆಗಿರಬೇಕು. ನೋಡುವುದಕ್ಕೆ ತುರ್ಕರ ಕಾಲದ ಇಬ್ರಾಹಿಂ ಅರಮನೆ ಇದೆ, ಅದರೊಳಗೆ ದೊಡ್ಡ ಗುಮ್ಮಟದ ಮಸೀದಿ. ಕೈಸರಿಯಾ ಮಾರುಕಟ್ಟೆ 2001ರಲ್ಲಿ ಸುಟ್ಟುಹೋಗಿತ್ತು, ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದ್ದಾರೆ. ಜರಿ ಅಂಚಿನ ಬಿಶ್ತ್ ನಿಲುವಂಗಿಗೆ ಈ ಊರು ಹೆಸರುವಾಸಿ. ಅಲ್ ಕಾರಾ ಗುಡ್ಡದ ಸೀಳು ಗುಹೆಗಳಲ್ಲಿ ಹೊರಗಿನ ಬಿಸಿಲು ತಾಗುವುದಿಲ್ಲ.

ನಮ್ಮವರಿಗೆ ಇಲ್ಲಿ ಇನ್ನೊಂದು ಕಾರಣವಿದೆ: ಹಸಾವಿ ಅಕ್ಕಿ. ಖರ್ಜೂರದ ತೋಟದ ನಡುವೆ ನೀರು ನಿಲ್ಲಿಸಿ ಬೆಳೆಯುವ ಕೆಂಪು ಅಕ್ಕಿ. ಮರುಭೂಮಿಯಲ್ಲಿ ಭತ್ತದ ಗದ್ದೆ! ಬೇಯಿಸಿದರೆ ಕೆಂಪಗೆ, ದಪ್ಪಗೆ ಕುಚ್ಚಲಕ್ಕಿ ಅನ್ನದ ನೆನಪು ತರುತ್ತದೆ. ಬೆಳೆ ಕಡಿಮೆ, ಬೆಲೆ ದುಬಾರಿ. ಒಂದು ಹೊತ್ತು ತಿಂದು ನೋಡಿ.

ದಮ್ಮಾಮ್ ಕಡೆ ನಂಟರಿಲ್ಲದವರು ಇದೊಂದಕ್ಕೇ ಊರಿನಿಂದ ಹೊರಡಬೇಕು ಅಂತ ನಾನು ಹೇಳುವುದಿಲ್ಲ. ಇರುವವರು ನೋಡದೆ ಬರಬಾರದು.

ಅಲ್ ಉಲಾ: ಕಟ್ಟಡಕ್ಕಾಗಿ ಹೋಗುವವರಿಗೆ

ಐದರಲ್ಲಿ ಕಟ್ಟಡದ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ಎರಡು ಸಾವಿರ ವರ್ಷ ಹಿಂದೆ ನಬಾತಿಯನ್ನರು ಅನ್ನುವ ಹಳೆಯ ಅರಬ್ ಜನ ಮರಳುಗಲ್ಲಿನ ಗುಡ್ಡಗಳನ್ನೇ ಕೆತ್ತಿ ಮಾಡಿದ ಹೆಗ್ರಾ ಇಲ್ಲಿದೆ. 110ಕ್ಕೂ ಹೆಚ್ಚು ಸಮಾಧಿಗಳು. ಒಂಟಿ ಬಂಡೆಯಲ್ಲಿ ಅರ್ಧ ಕೆತ್ತಿ ಬಿಟ್ಟ ಕಸ್ರ್ ಅಲ್ ಫರೀದ್ ಮುಂದೆ ನಿಂತರೆ ಮೇಲಿನಿಂದ ಕೆಳಗೆ ಕೆತ್ತುತ್ತಾ ಬರುತ್ತಿದ್ದರು ಅನ್ನುವುದು ಕಣ್ಣಿಗೇ ಕಾಣುತ್ತದೆ, ಕೆಳಭಾಗ ಇನ್ನೂ ಒರಟು ಕಲ್ಲು. 2008ರಲ್ಲಿ ಸೌದಿಯಿಂದ ಯುನೆಸ್ಕೋ ಪಟ್ಟಿ ಸೇರಿದ ಮೊದಲ ತಾಣ ಇದು.

ಓಯಸಿಸ್ ಕಣಿವೆಯಲ್ಲಿ ಉದ್ದಕ್ಕೆ ಹರಡಿದೆ. ಪಕ್ಕದಲ್ಲೇ ಹಳೆಯ ಊರು, ಒಂದಕ್ಕೊಂದು ಅಂಟಿಕೊಂಡ ಸುಮಾರು 900 ಮಣ್ಣು ಕಲ್ಲಿನ ಮನೆಗಳು. 1980ರ ದಶಕದವರೆಗೂ ಅಲ್ಲಿ ಜನ ಇದ್ದರು. ಊರಿನಲ್ಲಿ ತಂತೋರಾ ಅನ್ನುವ ನೆರಳು ಗಡಿಯಾರವಿದೆ. ಅದರ ನೆರಳು ನೋಡಿ ಬಿತ್ತನೆಯ ಕಾಲ, ನೀರಿನ ಸರದಿ ತೀರ್ಮಾನಿಸುತ್ತಿದ್ದರು.

ಆದರೆ ದೂರ ಮತ್ತು ದುಬಾರಿ. ರಿಯಾದ್ ಅಥವಾ ಜೆದ್ದಾದಿಂದ ಇನ್ನೊಂದು ವಿಮಾನ, ಇಲ್ಲವೇ ಮದೀನಾದಿಂದ 300 ಕಿ.ಮೀ. ಮೇಲೆ ರಸ್ತೆ. ಹೆಗ್ರಾಕ್ಕೆ ಸುಮ್ನೆ ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ, ಮೊದಲೇ ಟಿಕೆಟ್ ಮಾಡಿಸಿ ಅವರ ವಾಹನದಲ್ಲೇ ಹೋಗಬೇಕು. ಡಿಸೆಂಬರ್, ಜನವರಿಯ ಉತ್ಸವದ ದಿನಗಳಲ್ಲಿ ಹೋಟೆಲ್ ಬೆಲೆ ಕೈಗೆ ಸಿಗುವುದಿಲ್ಲ. ಫೆಬ್ರವರಿ ಕೊನೆ ಅಥವಾ ನವೆಂಬರ್ ಶುರು ನೋಡಿ. ಉಮ್ರಾಕ್ಕೆ ಹೋಗಿ ಮದೀನಾದಲ್ಲಿ ಇರುವವರಿಗೆ ಎರಡು ದಿನ ಜಾಸ್ತಿ ಸೇರಿಸಿಕೊಳ್ಳುವುದು ಒಳ್ಳೆಯ ದಾರಿ. ವಿಮಾನದ ದೊಡ್ಡ ಖರ್ಚು ಆಗಲೇ ಆಗಿರುತ್ತದೆ. ವೀಸಾದ ಷರತ್ತು ಮಾತ್ರ ಮೊದಲು ಓದಿಕೊಳ್ಳಿ.

ಸಿವಾ: ಹದಿನೈದು ದಿನ ರಜೆ ಇರುವವರಿಗೆ

ಈಜಿಪ್ಟಿನ ಪಶ್ಚಿಮ ತುದಿ, ಲಿಬಿಯಾ ಗಡಿಯಿಂದ ಸುಮಾರು 50 ಕಿ.ಮೀ. ಕೈರೋದಿಂದ ರಾತ್ರಿಯಿಡೀ ಬಸ್ ಪ್ರಯಾಣ. ಖರ್ಜೂರ ಮತ್ತು ಆಲಿವ್ ತೋಟ, ಉಪ್ಪಿನ ಕೆರೆಗಳು, ಅದರಾಚೆ ಮರಳಿನ ಸಮುದ್ರ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ದೇವವಾಣಿ ಕೇಳಲು ಬಂದ ಅಮುನ್ ದೇವರ ಗುಡಿ ಇಲ್ಲಿಯದೇ. ಊರಿನವರು ಮನೆಯಲ್ಲಿ ಆಡುವುದು ಅರಬ್ಬಿಯಲ್ಲ, ತಮ್ಮದೇ ಸಿವಿ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡಿ ಪೇಟೆಯಲ್ಲಿ ಕನ್ನಡ ಆಡುವ ನಮಗೆ ಅದು ಹೊಸದೇನಲ್ಲ.

ಇಲ್ಲಿನ ಶಾಲಿ ಕೋಟೆ 13ನೇ ಶತಮಾನದ್ದು. ಕಟ್ಟಿದ್ದು ಕೆರೆಯ ಉಪ್ಪಿನ ಗಟ್ಟಿ ಮತ್ತು ಮಣ್ಣು ಸೇರಿಸಿ, ಕೆರ್ಶೆಫ್ ಅನ್ನುತ್ತಾರೆ. ಮಳೆಯೇ ಇಲ್ಲದ ಊರಿನಲ್ಲಿ ಅದು ಏಳು ನೂರು ವರ್ಷ ನಿಂತಿತು. 1926ರಲ್ಲಿ ಮೂರು ದಿನ ಜೋರು ಮಳೆ ಬಂತು. ಉಪ್ಪು ಕರಗಿತು, ಗೋಡೆಗಳು ಕುಸಿದವು, ಜನ ಊರು ಬಿಟ್ಟು ಕೆಳಗಿಳಿದರು. ಆಟಿ ತಿಂಗಳಲ್ಲಿ ವಾರಗಟ್ಟಲೆ ಸುರಿಯುವ ಮಳೆ ನೋಡಿದವರಿಗೆ ಮೂರು ದಿನದ ಮಳೆ ಒಂದು ಊರನ್ನೇ ಕರಗಿಸಿದ್ದು ನಂಬುವುದು ಕಷ್ಟ. ಕರಗಿದ ಮೇಣದಂತೆ ನಿಂತ ಆ ಗೋಡೆಗಳೇ ಸಿವಾದ ಗುರುತು.

ಊರೊಳಗಿನ ಖರ್ಚು ಐದರಲ್ಲೇ ಕಡಿಮೆ, ಆದರೆ ಅಲ್ಲಿಗೆ ಸೇರುವ ಖರ್ಚು, ಸಮಯ ಎರಡೂ ಜಾಸ್ತಿ. ಕೈರೋ, ಪಿರಮಿಡ್ ನೋಡುವ ಪ್ರಯಾಣಕ್ಕೆ ಸೇರಿಸಿಕೊಂಡರೆ ಮಾತ್ರ ಲೆಕ್ಕ ಹೊಂದುತ್ತದೆ. ಸಣ್ಣ ಮಕ್ಕಳು, ಹಿರಿಯರ ಜೊತೆ ಬೇಡ.

ಹಾಗಾದರೆ ಯಾರು ಎಲ್ಲಿಗೆ?

ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ, ಕೈಯಲ್ಲಿ ಒಂದೇ ದಿನ ಇರುವವರಿಗೆ, ಮಕ್ಕಳ ಶಾಲೆಯ ರಜೆಯಲ್ಲಿ ದುಬೈಗೆ ಹೋಗುವವರಿಗೆ ಅಲ್ ಐನ್. ಬೇರೆ ಯೋಚನೆ ಬೇಡ.

ನಾಲ್ಕು ದಿನ ಸಿಗುತ್ತದೆ, ಕಾಲು ಗಟ್ಟಿ ಇದೆ, ಇಬ್ಬರು ಮೂವರು ಜೊತೆಗಿದ್ದಾರೆ ಅಂದರೆ ನಿಜ್ವಾ. ತೋಟ, ನೀರು, ಕೋಟೆ, ಬದುಕಿರುವ ಹಳ್ಳಿ ನಾಲ್ಕೂ ಒಂದೇ ಕಡೆ ಸಿಗುವುದು ಅಲ್ಲಿ ಮಾತ್ರ. ಕೃಷಿಕರು ಯಾರಾದರೂ ಕೇಳಿದರೆ ನಾನು ಬೇರೆ ಹೆಸರು ಹೇಳುವುದೇ ಇಲ್ಲ.

ದುಬೈಯಲ್ಲಿ ವಾರ ಇರುವವರು ಎರಡನ್ನೂ ಸೇರಿಸಬಹುದಾ ಅಂತ ಕೇಳುತ್ತಾರೆ. ಅಲ್ ಐನ್ ಒಮಾನಿನ ಗಡಿಗೆ ಅಂಟಿಕೊಂಡೇ ಇದೆ, ಆಚೆ ಬುರೈಮಿ. ಆದರೆ ಎರಡು ವೀಸಾ, ಗಡಿಯ ಕಾಗದಪತ್ರ, ಬಾಡಿಗೆ ಕಾರಿಗೆ ಬೇರೆ ವಿಮೆ ಎಲ್ಲ ಸೇರಿ ತಲೆನೋವು. ನನ್ನ ಮಟ್ಟಿಗೆ ಎರಡು ಬೇರೆ ಬೇರೆ ಪ್ರಯಾಣ ಮಾಡುವುದು ಒಳ್ಳೆಯದು.

ಪಾಸ್‌ಪೋರ್ಟ್ ಇಲ್ಲದವರು, ಖರ್ಚು ಕೈಮೀರಬಾರದು ಅನ್ನುವವರು ಜೈಸಲ್ಮೇರ್ ಬಗ್ಗೆ ಕೇಳಿದ್ದಾರೆ. 1156ರಲ್ಲಿ ಕಟ್ಟಿದ ಹಳದಿ ಕಲ್ಲಿನ ಕೋಟೆ, ಒಳಗೆ ಇವತ್ತಿಗೂ ಮನೆ ಮಾಡಿಕೊಂಡಿರುವ ಜನ, ಹೊರಗೆ ಗಡೀಸರ್ ಕೆರೆ. ಕಟ್ಟಡಕ್ಕೆ ಧಾರಾಳವಾಗಿ ಹೋಗಬಹುದು. ಖರ್ಜೂರದ ನೆರಳಿನಲ್ಲಿ ನೀರಿನ ಪಕ್ಕ ನಡೆಯುವ ಆಸೆ ಮಾತ್ರ ಅಲ್ಲಿ ತೀರುವುದಿಲ್ಲ.

ತಿಂಗಳು ಮತ್ತು ವೀಸಾ

ನವೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗೆ ಐದೂ ಕಡೆ ಹಿತ. ಆದರೆ ಆಗ ಮರದಲ್ಲಿ ಹಣ್ಣಿರುವುದಿಲ್ಲ. ಖರ್ಜೂರ ಗೊಂಚಲಾಗಿ ತೂಗುವುದು ಜೂನ್‌ನಿಂದ ಆಗಸ್ಟ್, ಬಿಸಿಲು 45 ಡಿಗ್ರಿ ಮುಟ್ಟುವ ಹೊತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲ. ನನ್ನ ಸಲಹೆ ಫೆಬ್ರವರಿ ಕೊನೆ. ಆಗ ಹೂ ಕಟ್ಟುವ ಕೆಲಸ ನೋಡಲು ಸಿಗುತ್ತದೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸೊಂಟಕ್ಕೂ ಮರಕ್ಕೂ ಸೇರಿಸಿ ಹಗ್ಗದ ಪಟ್ಟಿ ಬಿಗಿದುಕೊಂಡು ಮರ ಹತ್ತಿ, ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೊಂಬಾಳೆಯ ನಡುವೆ ಕಟ್ಟಿ ಬರುತ್ತಾರೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವ ನಮ್ಮ ಕೊನೆಗಾರರನ್ನು ನೋಡಿದವರು ಅವರ ಕೆಲಸವನ್ನು ಗಂಟೆಗಟ್ಟಲೆ ನೋಡುತ್ತಾ ನಿಲ್ಲಬಹುದು.

ರಂಜಾನ್ ಯಾವಾಗ ಬರುತ್ತದೆ ನೋಡಿಕೊಳ್ಳಿ. ಆಗ ಹಗಲಲ್ಲಿ ಹೋಟೆಲ್, ಕೋಟೆಗಳ ಹೊತ್ತು ಬದಲಾಗುತ್ತದೆ. ವೀಸಾ ನಿಯಮ, ವಿಮಾನದ ದಿನಗಳು ಆಗಾಗ ಬದಲಾಗುತ್ತವೆ. ಹೋದ ವರ್ಷ ಹೋಗಿ ಬಂದವರ ಮಾತಿನ ಮೇಲೆ ಟಿಕೆಟ್ ಮಾಡಿಸಬೇಡಿ, ಆ ದೇಶದ ಸರಕಾರದ ವೆಬ್‌ಸೈಟ್ ನೋಡಿ.

ಬರುವಾಗ ಖರ್ಜೂರ ತಾರದೆ ಇರುತ್ತೀರಾ? ವಿಮಾನ ನಿಲ್ದಾಣದ ಡಬ್ಬಿ ಬೇಡ. ನಿಜ್ವಾ ಸಂತೆಯಲ್ಲಾಗಲಿ, ಹೊಫೂಫ್ ಅಂಗಡಿಯಲ್ಲಾಗಲಿ ರುಚಿ ನೋಡಲು ಕೊಡುತ್ತಾರೆ. ಖಲಾಸ್ ಅನ್ನುವ ಜಾತಿ ಕೇಳಿ, ಬೆಣ್ಣೆಯಂತೆ ಕರಗುತ್ತದೆ. ಮಬ್ಸಲಿ ಅನ್ನುವ ಜಾತಿಯನ್ನು ಒಮಾನಿನವರು ಹಣ್ಣಾಗುವ ಮೊದಲೇ ಕೊಯ್ದು, ದೊಡ್ಡ ತಾಮ್ರದ ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸುತ್ತಾರೆ. ಮೊದಲಿನಿಂದಲೂ ಅದು ಹಡಗು ಹತ್ತಿ ಬರುತ್ತಿದ್ದದ್ದು ನಮ್ಮ ದೇಶಕ್ಕೆ. ಮದುವೆಯ ಹರಿವಾಣದಲ್ಲಿ ಕಲ್ಲುಸಕ್ಕರೆಯ ಪಕ್ಕ ಇಡುವ ಉತ್ತುತ್ತೆ ಇದೇ ಬಗೆಯದು. ಅಮ್ಮನಿಗೆ ಅಂತ ಅರ್ಧ ಕಿಲೋ ತಂದಿದ್ದೆ. ಅವರು ಒಂದನ್ನು ಒಡೆದು ಮೂಸಿ ನೋಡಿ, ಉಳಿದದ್ದನ್ನು ಡಬ್ಬಿಗೆ ಹಾಕಿ ತಂಗಿಯ ಮದುವೆಗೆ ಅಂತ ಎತ್ತಿಟ್ಟರು.